ಖಾಲಿ ಕಂಪ್ಯೂಟರು

ಜುಲ್ಮಿರಾಳ ಕಂಪ್ಯೂಟರನ್ನು ಅವಳ ಅತ್ತೆ ದಾನ ಮಾಡಿಯಾಗಿತ್ತು. ಜುಲ್ಮಿರಾಳಿಗೆ ಅದು ತಿಳಿದದ್ದು ಭಾನುವಾರದ ಊಟದ ಹೊತ್ತಿಗೆ, ಸೌಟು ಹಿಡಿದು ಎಲ್ಲರಿಗೂ ಸೊಪ್ಪಿನ ಸೂಪು ಬಡಿಸುತ್ತಿರುವಾಗ.

"ಶುಕ್ರವಾರ ಸೆರಾಫಿಮ್ ಬರ್ತಾನೆ," ಎಂದಳು ದಿಯೊಲಿಂಡಾ, ತನ್ನ ತಂಗಿಯ ಮಗನ ಸುದ್ದಿ ಎತ್ತಿ, ಜೋಳದ ರೊಟ್ಟಿ ಮುರಿದು ಸೂಪಿಗೆ ಹಾಕಿಕೊಳ್ಳುತ್ತಾ. "ಆ ಹಳೇದನ್ನ ತಗೊಂಡು ಹೋಗ್ತಾನೆ."

"ಯಾವ ಹಳೇದು ಅತ್ತೆ?"

"ಅದೇ, ನಿನ್ನ ಕಂಪ್ಯೂಟರು. ಅವನ ಮಗಳು ಹೈಸ್ಕೂಲಿಗೆ ಸೇರಿದ್ದಾಳೆ. ಪಾಪ, ದಿನಾ ಲೈಬ್ರರಿಗೆ ಹೋಗಿ ಕಾಯ್ಕೊಂಡು ಕೂತಿರ್ತಾಳಂತೆ. ನಿನಗೆ ಹೇಗೂ ಹೊಸದು ಬಂತಲ್ಲ."

ಹೊಸದು ಬಂದದ್ದು ನಿಜ. ಫೋನಿನಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಲಿಜಿಯಾ ಅಮ್ಮನ ಐವತ್ತನೇ ಹುಟ್ಟುಹಬ್ಬಕ್ಕೆ ತಂದುಕೊಟ್ಟಿದ್ದಳು. ಅದರ ಮೇಲಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳಬೇಕು ಅಂತ ನಿಮಗೆ ಅನ್ನಿಸಲೇ ಇಲ್ವಾ?"

"ಮನೆ ಸಾಮಾನನ್ನ ಮನೆಯವರಿಗೆ ಕೊಡೋಕೆ ಅರ್ಜಿ ಹಾಕಬೇಕೇನೇ?"

"ಅದು ಮನೆ ಸಾಮಾನಲ್ಲ. ನನ್ನದು."

"ಕೇಳಿದ್ಯೇನೋ ಅಡೆಲಿನೊ? ಈ ಮನೇಲಿ ಇವಳದು ಬೇರೆ, ನಮ್ಮದು ಬೇರೆ," ಎಂದು ದಿಯೊಲಿಂಡಾ ಮಗನ ಕಡೆ ತಿರುಗಿದಳು. ಅಡೆಲಿನೊ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬಿಡೇ ಜುಲ್ಮಿರಾ. ಸೂಪು ಆರ್ತಿದೆ," ಎಂದ.

ಮನೆ ಅತ್ತೆಯದು. ವಲಸೆ ಬಂದವರೇ ತುಂಬಿದ ಫಾಲ್ ರಿವರ್‌ನ ಏರುಬೀದಿಯೊಂದರಲ್ಲಿ ಮೂರಂತಸ್ತಿನ ಮರದ ಮನೆ. ಕೆಳಗೆ ಅತ್ತೆ, ನಡುವೆ ಇವರು, ಮೇಲೆ ಬಾಡಿಗೆಯವರು. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ಚಿಲಕ ಹಾಕಿದ್ದಿಲ್ಲ. ದಿಯೊಲಿಂಡಾ ಆ ಮೆಟ್ಟಿಲು ಹತ್ತಿ ಬಂದು ಸೊಸೆಯ ಫ್ರಿಜ್ಜು ತೆಗೆದು ನೋಡುತ್ತಾಳೆ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಮೂಸುತ್ತಾಳೆ, ಟಪಾಲಿನಲ್ಲಿ ಬಂದ ಲಕೋಟೆಗಳನ್ನು ಬೆಳಕಿಗೆ ಹಿಡಿಯುತ್ತಾಳೆ. ಇದಕ್ಕೆಲ್ಲ ಅಕ್ಕರೆ ಎಂದು ಹೆಸರಿಟ್ಟುಕೊಂಡಿದ್ದರು. ಹೆಸರಿಟ್ಟವರು ಯಾರೆಂದರೆ ಬಾಗಿಲು ತಟ್ಟದೆ ಒಳಗೆ ಬರುವವರೇ.

ಚಿಲಕವಿಲ್ಲದ ಈ ಬದುಕಿನಲ್ಲಿ ಜುಲ್ಮಿರಾಳದು ಎಂದು ಇದ್ದದ್ದು ಬುಧವಾರದ ಸಂಜೆ ಒಂದೇ. ಬೆಳಗ್ಗೆಯೆಲ್ಲ ಸ್ಕೂಲಿನ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬಡಿಸಿ ಬಂದು, ಸಂಜೆ ತನ್ನ ಊಟದ ಮೇಜಿನ ಮೇಲೆ ಕಂಪ್ಯೂಟರು ತೆರೆದು ಕೂರುತ್ತಿದ್ದಳು. ಇವರ ಮನೆಯವರು ಹುಟ್ಟಿದ ಕಡಲಾಚೆಯ ದ್ವೀಪಗಳಿಂದ ಬಂದ ಹೆಂಗಸರು, ಬ್ರೆಜಿಲ್‌ನಿಂದ ಬಂದವರು, ಇಂಗ್ಲಿಷ್ ಸರಿಯಾಗಿ ಬಾರದವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಅವರು ಹೇಳುತ್ತಿದ್ದರು, ಇವಳು ಟೈಪ್ ಮಾಡುತ್ತಿದ್ದಳು. ಬಾಡಿಗೆ ಮನೆಯ ಮಾಲೀಕನಿಗೆ ಒಂದು ಕಾಗದ, ವೀಸಾ ಕಚೇರಿಗೆ ಒಂದು ಅರ್ಜಿ, ಕೋರ್ಟಿಗೆ ಒಂದು ಹೇಳಿಕೆ. ಹನ್ನೊಂದು ವರ್ಷ ಹೀಗೆ ನಡೆದಿತ್ತು. ಒಂದು ಪೈಸೆ ಮುಟ್ಟಿದವಳಲ್ಲ. ಒಂದು ಮಾತು ಹೊರಗೆ ಬಿಟ್ಟವಳೂ ಅಲ್ಲ.

ಆ ಕಾಗದಗಳನ್ನೆಲ್ಲ ಅವಳು 'ಅಡುಗೆ' ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದಳು. ಈ ಮನೆಯಲ್ಲಿ ಅಡುಗೆ ಎಂದು ಬರೆದದ್ದನ್ನು ಗಂಡ ಜನ್ಮದಲ್ಲಿ ತೆರೆಯುವುದಿಲ್ಲ ಎಂಬುದು ಅವಳ ಲೆಕ್ಕ. ಇವೋನಿಯ ಹೇಳಿಕೆಯೂ ಅದರೊಳಗೇ ಇತ್ತು. ಇವೋನಿ ಗಂಡ ಲೀನೊನ ಹೊಡೆತ ತಾಳಲಾರದೆ ಹದಿನಾಲ್ಕು ತಿಂಗಳ ಹಿಂದೆ ಊರು ಬಿಟ್ಟಿದ್ದಳು. ಎಲ್ಲಿಗೆ ಎಂಬುದು ಈ ಊರಿನಲ್ಲಿ ಜುಲ್ಮಿರಾಳಿಗೆ ಬಿಟ್ಟು ಇನ್ಯಾರಿಗೂ ತಿಳಿಯದು. ಲೀನೊ ಇದೇ ಬೀದಿಯ ಕೊನೆಯಲ್ಲಿದ್ದ. ಪ್ರತಿ ಶನಿವಾರ ದ್ವೀಪದವರ ಕ್ಲಬ್ಬಿನಲ್ಲಿ ಸೆರಾಫಿಮ್‌ನ ಎದುರು ಕೂತು ಇಸ್ಪೀಟು ಆಡುತ್ತಿದ್ದ.

"ಶುಕ್ರವಾರ ಆಗಲ್ಲ," ಎಂದಳು ಜುಲ್ಮಿರಾ, ಸೌಟನ್ನು ಪಾತ್ರೆಗೆ ಬಿಟ್ಟು. "ಮೊದಲು ಅದರಲ್ಲಿರೋದನ್ನೆಲ್ಲ ಅಳಿಸಬೇಕು. ಆಮೇಲೆ ಯಾರಿಗೆ ಬೇಕಾದ್ರೂ ಕೊಡಿ."

"ಅಷ್ಟೇನಾ? ನಾನೇ ಅಳಿಸಿಕೊಡ್ತೀನಿ ಬಿಡು," ಎಂದ ಅಡೆಲಿನೊ.

ಅವನು ಅಳಿಸಿದ ಚೆಂದ ಹೇಳಲೇಬೇಕು. ಮಂಗಳವಾರ ಕಿಟಕಿ ಪರದೆ ನೇಯುವ ಕಾರ್ಖಾನೆಯಿಂದ ಬಂದವನೇ ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಕೂತ. ಕಣ್ಣಿಗೆ ಕಂಡದ್ದನ್ನೆಲ್ಲ ಅದರೊಳಗಿನ ಕಸದ ಬುಟ್ಟಿಗೆ ಎಳೆದು ಹಾಕಿದ. ಆಮೇಲೆ ಬುಟ್ಟಿಯನ್ನೂ ಖಾಲಿ ಮಾಡಿ, ಕೈ ಕೊಡವಿಕೊಂಡು ಎದ್ದ.

"ಆಯ್ತು. ಇಷ್ಟಕ್ಕೆ ಎರಡು ದಿನದಿಂದ ರಗಳೆ ಮಾಡ್ತಿದ್ದೀಯ."

ಲಿಜಿಯಾ ಒಲೆಯ ಹತ್ತಿರ ನಿಂತು ಆಲೂಗಡ್ಡೆ ತಿನ್ನುತ್ತಿದ್ದವಳು ನಕ್ಕಳು. "ಅಪ್ಪಾ, ನೀನು ಹರಿದು ಹಾಕಿದ್ದು ಪುಸ್ತಕದ ಮುಂದಿನ ಪರಿವಿಡಿಯನ್ನ ಮಾತ್ರ. ಪುಟಗಳೆಲ್ಲ ಒಳಗೇ ಇವೆ."

"ಬುಟ್ಟಿ ಖಾಲಿ ಮಾಡಿದೀನಿ ಕಣೇ."

"ನಿಜ. ಹತ್ತು ನಿಮಿಷ ಕೂತಿರು."

ಅವಳು ತನ್ನ ಅಂಗಡಿಯಿಂದ ತಂದಿದ್ದ ಒಂದು ಪೆನ್ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದಳು. ಆಲೂಗಡ್ಡೆ ಮುಗಿಯುವುದರೊಳಗೆ ಪರದೆಯ ಮೇಲೆ ಒಂದೊಂದೇ ಚಿತ್ರ ಏಳತೊಡಗಿತು. ಮೊದಲಿಗೆ ಬಂದದ್ದು ಅಡೆಲಿನೊನೇ: ಬನಿಯನ್ನಿನಲ್ಲಿ, ಬಚ್ಚಲುಮನೆಯ ಕನ್ನಡಿಯ ಮುಂದೆ, ಮೀಸೆ ಕಿತ್ತಳೆ ಹಣ್ಣಿನ ಬಣ್ಣ. ಬಣ್ಣದ ಡಬ್ಬಿ ಮಾರಿದವರಿಗೆ ಅವನು ಬರೆದಿದ್ದ ದೂರಿನ ಕಾಗದವೂ ಹಿಂದೆಯೇ ಬಂತು. ಲಿಜಿಯಾ ಅದನ್ನು ಗಟ್ಟಿಯಾಗಿ ಓದಿದಳು.

"'ನನ್ನ ಮಾನ ಮರ್ಯಾದೆ ಹೋಗಿದೆ...' ಅಪ್ಪಾ! ಇದನ್ನ ಸೆರಾಫಿಮ್ ಚಿಕ್ಕಪ್ಪ ನೋಡಿದ್ರೆ ಕ್ಲಬ್ಬಿನ ಗೋಡೆಗೆ ಅಂಟಿಸ್ತಿದ್ದ."

"ತೆಗಿ ಅದನ್ನ! ತೆಗಿಯೇ!" ಅಡೆಲಿನೊನ ಕಿವಿ ಕೆಂಪಾಗಿತ್ತು. "ಸರಿ, ಏನು ಮಾಡಬೇಕೋ ಮಾಡ್ಕೊಳ್ಳಿ. ಅಮ್ಮನಿಗೆ ಇನ್ನೊಂದು ವಾರ ಅಂತ ನಾನೇ ಹೇಳ್ತೀನಿ."

ಅವನ ಮೀಸೆಯಿಂದಾಗಿ ಅಷ್ಟು ಒಳ್ಳೆಯದಾಯಿತು. ಲಿಜಿಯಾ ಇದ್ದದ್ದನ್ನೆಲ್ಲ ಹೊರಗಿನಿಂದ ಸಿಕ್ಕಿಸುವ ಒಂದು ಪುಟ್ಟ ಡಿಸ್ಕಿಗೆ ತೆಗೆದಿಟ್ಟು, ಅಲ್ಲಿಂದ ಹೊಸ ಕಂಪ್ಯೂಟರಿಗೆ ಸಾಗಿಸಿದಳು. ಶನಿವಾರ ಬೆಳಗ್ಗೆ ಹಳೆಯದಕ್ಕೆ ಅಳಿಸುವ ಕೆಲಸ ಹಚ್ಚಿದಳು. ಡಿಸ್ಕಿನ ಈ ತುದಿಯಿಂದ ಆ ತುದಿಯವರೆಗೆ, ಬರೆದದ್ದರ ಮೇಲೆಲ್ಲ ಸೊನ್ನೆ ತುಂಬುತ್ತಾ ಹೋಗುವುದು. ಒಂಬತ್ತು ಗಂಟೆ ಬೇಕು ಎಂದಿತು ಯಂತ್ರ. ಅದರ ಬ್ಯಾಟರಿ ಸತ್ತು ಎರಡು ವರ್ಷವಾಗಿದ್ದರಿಂದ ವೈರು ಕಿತ್ತರೆ ಎಲ್ಲ ಮೊದಲಿನಿಂದ. 'ಯಾರೂ ಮುಟ್ಟಬೇಡಿ' ಎಂದು ಜುಲ್ಮಿರಾ ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಮಧ್ಯಾಹ್ನದವರೆಗೆ ಕಾವಲು ಕೂತು, ಆಮೇಲೆ ಬಟ್ಟೆ ಒಣಹಾಕಲು ಹಿಂದಿನ ಜಗಲಿಗೆ ಹೋದಳು.

ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಹಿಟ್ಟು ನಾದುವ ಯಂತ್ರ ಗರಗರ ಎನ್ನುತ್ತಿತ್ತು. ಸಿಹಿರೊಟ್ಟಿ ಸುಡಲು ಸೊಸೆಯ ದೊಡ್ಡ ಒಲೆಯೇ ಆಗಬೇಕು ದಿಯೊಲಿಂಡಾಳಿಗೆ. ಕಂಪ್ಯೂಟರಿನ ವೈರು ನೆಲದ ಮೇಲೆ ಬಿದ್ದಿತ್ತು.

"ಅತ್ತೆ! ಅಲ್ಲಿ ಬರೆದದ್ದು ಕಾಣಿಸಲಿಲ್ವಾ?"

"ಕಾಣಿಸ್ತು. ಕಂಪ್ಯೂಟರನ್ನ ನಾನೆಲ್ಲಿ ಮುಟ್ಟಿದೆ? ವೈರು ಕಿತ್ತೆ ಅಷ್ಟೇ."

"ಐದು ಗಂಟೆ ನಡೆದಿತ್ತು ಅದು! ಈಗ ಮತ್ತೆ ಮೊದಲಿಂದ ಮಾಡಬೇಕು!"

"ನನ್ನ ಮನೆ, ನನ್ನ ಕರೆಂಟು. ಒಂದು ಹಿಟ್ಟು ನಾದೋಕೂ ನಿನ್ನ ಅಪ್ಪಣೆ ಬೇಕೇನು? ಅಂಥದ್ದೇನಿದೆಯೇ ಅದರೊಳಗೆ, ನೀನು ಇಷ್ಟು ಬೆವರೋಕೆ?"

ಜುಲ್ಮಿರಾಳಿಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರನ್ನೂ ವೈರನ್ನೂ ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ, ಹಾಸಿಗೆಯ ಪಕ್ಕ ನೆಲದ ಮೇಲಿಟ್ಟು ಮತ್ತೆ ಶುರು ಮಾಡಿದಳು. ಅದು ಮುಗಿಯುವ ತನಕ ಆ ಕೋಣೆ ಬಿಟ್ಟು ಕದಲಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡಳು. ಲಿಜಿಯಾ ಬಂದು, ಅದನ್ನು ನಡೆಸುವ ತಂತ್ರಾಂಶ ಹೊಸದಾಗಿ ಹಾಕಿ, ತಡಕಾಡಿ ನೋಡಿ, "ಅಮ್ಮಾ, ಇನ್ನು ಇದರೊಳಗೆ ಏನೂ ಇಲ್ಲ. ಅಂಗಡಿಯಿಂದ ತಂದ ಹಾಗೆ ಇದೆ," ಎಂದಾಗ ಅವಳಿಗೆ ಎದೆ ಹಗುರಾಯಿತು. ಪುಟ್ಟ ಡಿಸ್ಕನ್ನು ಅಡುಗೆಮನೆಯ ಡ್ರಾಯರಿನಲ್ಲಿ ಕೈಬಟ್ಟೆಗಳ ಕೆಳಗೆ ಇಟ್ಟಳು. ಬೀಗವಿರುವ ಜಾಗ ಆ ಮನೆಯಲ್ಲಿ ಒಂದೂ ಇರಲಿಲ್ಲ.

ಮರುವಾರ ಅವಳು ಕೆಲಸದಿಂದ ಬರುವಷ್ಟರಲ್ಲಿ ಸೆರಾಫಿಮ್ ಬಂದು ಕಂಪ್ಯೂಟರು ಒಯ್ದಿದ್ದ. ಒಳ್ಳೆಯದೇ ಆಯಿತು, ಪೀಡೆ ತೊಲಗಿತು ಎಂದುಕೊಂಡಳು.

ಎರಡು ವಾರ ಕಳೆದು ಒಂದು ಮಂಗಳವಾರ, ಸ್ಕೂಲು ಬಿಟ್ಟ ಮೇಲೆ ಬೇಕರಿಯಲ್ಲಿ ಸಾಲಿನಲ್ಲಿ ನಿಂತಿದ್ದಳು. ಹಿಂದಿನಿಂದ ಯಾರೋ ತೋಳು ಹಿಡಿದರು. ಸೆರಾಫಿಮ್‌ನ ಹೆಂಡತಿ ಒಡೀಲಿಯಾ.

"ಮಾರಾಯ್ತಿ, ನಿಮ್ಮ ಲಿಜಿಯಾಳ ಜ್ಞಾನಸ್ನಾನದ ಫೋಟೋ ನೋಡಿ ನನಗೆ ಅಳುವೇ ಬಂದುಬಿಡ್ತು. ನನ್ನ ಅಪ್ಪನೂ ಇದ್ದಾನೆ ಅದರಲ್ಲಿ, ಮೂಲೇಲಿ. ನಮ್ಮಲ್ಲಿ ಅವನದು ಒಂದು ಫೋಟೋನೂ ಇರಲಿಲ್ಲ."

"ಯಾವ ಫೋಟೋ?"

"ಕಂಪ್ಯೂಟರಲ್ಲಿ ಹಾಕಿ ಕೊಟ್ಟಿದ್ರಲ್ಲ."

"ಅದರಲ್ಲಿ ಏನೂ ಇರಲಿಲ್ಲ ಒಡೀಲಿಯಾ. ಖಾಲಿ ಮಾಡಿ ಕೊಟ್ಟಿದ್ದು."

"ಅಯ್ಯೋ, ಎಲ್ಲಿ ಖಾಲಿ! ಹಬ್ಬದ ಫೋಟೋ ಎಲ್ಲಾ ಇತ್ತು. ಅಡುಗೆ ಅಂತಾನೂ ಒಂದಿತ್ತು. ನೀನು ಸಿಹಿರೊಟ್ಟಿಗೆ ಎಷ್ಟು ಮೊಟ್ಟೆ ಹಾಕ್ತೀಯ ನೋಡೋಣ ಅಂತ ತೆಗೆದೆ..." ಒಡೀಲಿಯಾ ಅಲ್ಲಿಗೆ ನಿಲ್ಲಿಸಿದಳು. ಸುತ್ತ ನೋಡಿ ದನಿ ತಗ್ಗಿಸಿದಳು. "ಪಾಪ, ಇವೋನಿ. ದವಡೆ ಮುರಿದಿದ್ನಂತಲ್ಲ ಅವನು. ನಾವೆಲ್ಲ ಹಲ್ಲುನೋವು ಅಂದ್ಕೊಂಡಿದ್ವಿ."

ಜುಲ್ಮಿರಾ ಅವಳನ್ನು ಸಾಲಿನಿಂದ ಪಕ್ಕಕ್ಕೆ ಎಳೆದಳು.

"ಯಾರ್ಯಾರು ಓದಿದ್ರಿ?"

"ನಾನು. ಮತ್ತೆ... ಸೆರಾಫಿಮ್ ಪಕ್ಕದಲ್ಲೇ ಕೂತಿದ್ದ."

ರೊಟ್ಟಿ ಕೊಳ್ಳದೆ ಜುಲ್ಮಿರಾ ಹೊರಗೆ ಬಂದಳು. ಕಾಲುದಾರಿಯ ಮೇಲೆಯೇ ನಿಂತು ಇವೋನಿಗೆ ಫೋನು ಮಾಡಿದಳು. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಇವೋನಿ ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು, ಆರು ಗಂಟೆಯವರೆಗೆ ಫೋನು ಮುಟ್ಟುವಂತಿಲ್ಲ. ಈಗ ಮೂರೂವರೆ.

ಮನೆಯಲ್ಲಿ ಅಡೆಲಿನೊ ಮೀನು ಹುರಿದದ್ದು ತಟ್ಟೆಗೆ ಹಾಕಿಕೊಳ್ಳುತ್ತಿದ್ದ. ದಿಯೊಲಿಂಡಾ ಅವನಿಗೆ ಈರುಳ್ಳಿ ಹೆಚ್ಚಿಕೊಡುತ್ತಿದ್ದಳು.

"ಆ ಕಂಪ್ಯೂಟರಿಗೆ ಏನು ಹಾಕಿದೆ ನೀನು?"

"ಯಾವ..."

"ಸೆರಾಫಿಮ್‌ಗೆ ಕೊಟ್ಟದ್ದು. ನಾನು ದಿನವಿಡೀ ಕಾದು ಕೂತು ಖಾಲಿ ಮಾಡಿದ್ದು. ಅದಕ್ಕೆ ಏನು ತುಂಬಿದೆ?"

ಅಡೆಲಿನೊ ತಾಯಿಯ ಮುಖ ನೋಡಿದ. ಉತ್ತರ ಕೊಟ್ಟದ್ದು ಅವಳೇ.

"ನಾನೇ ಹಾಕಿಸಿದ್ದು. ಅದಕ್ಕೇನೀಗ? ನಮ್ಮಲ್ಲಿ ಒಂದು ತಟ್ಟೆಯನ್ನೂ ಬರಿದಾಗಿ ಕೊಟ್ಟು ಕಳಿಸೋದಿಲ್ಲ. ಅಂಥಾದ್ರಲ್ಲಿ ಅಷ್ಟು ದೊಡ್ಡ ಸಾಮಾನು ಬರಿದಾಗಿ ಕೊಟ್ಟರೆ ಆ ಹುಡುಗಿಗೆ ಏಳಿಗೆ ಇದೆಯೇನೇ? ಎರಡು ಫೋಟೋ ಹಾಕು ಅಂದೆ. ಅಡುಗೆ ಬರೆದದ್ದಿದೆ ಅಂದ, ಅದನ್ನೂ ಹಾಕು, ಒಡೀಲಿಯಾ ರೊಟ್ಟಿ ಮಾಡಿದ್ರೆ ಗೋಡೆ ಕಟ್ಟಬಹುದು, ಕಲೀಲಿ ಅಂದೆ."

"ಡಿಸ್ಕು ಎಲ್ಲಿ ಸಿಕ್ತು?"

"ಕೈಬಟ್ಟೆ ಕೆಳಗೆ. ಕೈ ಒರೆಸ್ಕೊಳ್ಳೋಕೆ ತೆಗೆದೆ, ಸಿಕ್ತು," ಎಂದ ಅಡೆಲಿನೊ.

ಐದು ಗಂಟೆ, ಮತ್ತೆ ಒಂಬತ್ತು ಗಂಟೆ, ಅಷ್ಟೊಂದು ಸೊನ್ನೆ. ಅಳಿಸಿದ್ದನ್ನೆಲ್ಲ ಗಂಡನೆಂಬ ಈ ಮನುಷ್ಯ ಐದು ನಿಮಿಷದಲ್ಲಿ ತಿರುಗಿ ತುಂಬಿದ್ದ, ಅದೂ ತಾಯಿಯ ಆಶೀರ್ವಾದದಿಂದ.

"ಅದು ಅಡುಗೆಯಲ್ಲ," ಎಂದಳು ಜುಲ್ಮಿರಾ. "ಬುಧವಾರ ಬರೋ ಹೆಂಗಸರ ಕಾಗದಗಳು. ಒಬ್ಬೊಬ್ಬಳ ಜೀವ ಅದರಲ್ಲಿದೆ. ಇವೋನಿಯದು ಇದೆ. ಅವಳ ವಿಳಾಸ ಇದೆ. ಸೆರಾಫಿಮ್ ಅದನ್ನ ಓದಿದ್ದಾನೆ. ಸೆರಾಫಿಮ್ ಯಾರ ಎದುರು ಇಸ್ಪೀಟು ಆಡ್ತಾನೆ, ಅಡೆಲಿನೊ?"

ಅವನು ತಟ್ಟೆ ಕೆಳಗಿಟ್ಟ. ಅವನಿಗೆ ಅರ್ಥವಾಯಿತು. ಅರ್ಥವಾದದ್ದೇ ಸಿಟ್ಟು ಬಂತು, ಗಂಡಸರಿಗೆ ಬರುವ ಹಾಗೆ.

"ನನಗೆ ಹೇಗೆ ಗೊತ್ತಾಗಬೇಕು? ಹೇಳಿದ್ಯಾ ನೀನು? ಕಟ್ಟಿಕೊಂಡ ಗಂಡನಿಂದ ಅಡುಗೆ ಅಂತ ಹೆಸರು ಹಾಕಿ ಮುಚ್ಚಿಟ್ಟೆ!"

"ನಿನಗೆ ಹೇಳಿದ್ರೆ ಸಂಜೆ ಹೊತ್ತಿಗೆ ನಿನ್ನಮ್ಮನಿಗೆ ಗೊತ್ತಾಗ್ತಿತ್ತು. ಭಾನುವಾರದ ಹೊತ್ತಿಗೆ ಚರ್ಚಿನ ಮೆಟ್ಟಿಲಿಗೆ ಗೊತ್ತಾಗ್ತಿತ್ತು!"

"ನನ್ನ ಹೆಸರು ಎತ್ತಬೇಡ," ಎಂದಳು ದಿಯೊಲಿಂಡಾ, ಚಾಕು ಇನ್ನೂ ಕೈಯಲ್ಲೇ. "ಗಂಡನ್ನ ಬಿಟ್ಟು ಓಡಿಹೋದವಳಿಗೋಸ್ಕರ ಮನೆಯವರ ಮೇಲೆ ಕೂಗಾಡ್ತೀಯ? ಲೀನೊ ಏನು ಅಂಥವನಲ್ಲ. ಹೋದ ವರ್ಷ ಹಬ್ಬದಲ್ಲಿ ಪವಿತ್ರಾತ್ಮನ ಕಿರೀಟ ಹೊತ್ತವನು."

"ಹೌದು. ಅದಕ್ಕೆ ಎಂಟು ದಿನ ಮುಂಚೆ ಇವೋನಿಯ ದವಡೆ ಮುರಿದಿದ್ದ. ಅವಳ ಬಾಯಿಗೆ ತಂತಿ ಬಿಗಿದಿತ್ತು. ಹೀರುಗೊಳವೆಯಲ್ಲಿ ನೀರು ಕುಡೀತಾ ಆ ಮೆರವಣಿಗೇಲಿ ಅವನ ಹಿಂದೆ ನಡೆದಳು. ನೀವು ಅವಳಿಗೆ ಏನು ಹೇಳಿದ್ರಿ ನೆನಪಿದೆಯಾ? 'ಇವತ್ತಾದ್ರೂ ನಗಬಾರದೇನೇ, ಗಂಡನಿಗೆ ಇಂಥಾ ಭಾಗ್ಯ ಬಂದಿದೆ' ಅಂದ್ರಿ."

ದಿಯೊಲಿಂಡಾ ಚಾಕು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಹಿಂದಿನ ಮೆಟ್ಟಿಲು ಇಳಿದು ಹೋದಳು.

ಲಿಜಿಯಾ ಅಂಗಡಿಯಿಂದ ಬಂದದ್ದೇ ತಾಯಿ ಮಗಳು ಸೆರಾಫಿಮ್‌ನ ಮನೆಗೆ ಹೋದರು. ಹಿಂದೆ ಅಡೆಲಿನೊ ಬಂದ. ಯಾರೂ ಅವನನ್ನು ಕರೆದಿರಲಿಲ್ಲ.

ಸೆರಾಫಿಮ್ ಟೀವಿಯ ಮುಂದೆ ಕಾಲು ಚಾಚಿ ಕೂತಿದ್ದ. "ಬನ್ನಿ ಬನ್ನಿ, ವಕೀಲೆ ಸಾಹೇಬರು ಬಂದ್ರು!" ಎಂದ. "ಒಡೀಲಿಯಾ, ಕಾಫಿ ಮಾಡೇ. ಹುಷಾರು, ಸಕ್ಕರೆ ಕಡಿಮೆ ಆದ್ರೆ ಕೋರ್ಟಿಗೆ ಬರೀತಾರೆ."

"ಕಂಪ್ಯೂಟರು ಎಲ್ಲಿ?" ಎಂದಳು ಜುಲ್ಮಿರಾ.

"ಕೊಟ್ಟದ್ದನ್ನ ಯಾರಾದ್ರೂ ವಾಪಸ್ಸು ಕೇಳ್ತಾರೇನೇ?"

"ಲೀನೊಗೆ ಏನು ಹೇಳಿದೆ?"

"ನಾನೇನು ಹೇಳಿದೆ? ಏನೂ ಹೇಳಿಲ್ಲ."

"ಸೆರಾಫಿಮ್."

"ಅಯ್ಯೋ ಮಾರಾಯ್ತಿ, ಶನಿವಾರ ಆಟಕ್ಕೆ ಕೂತಾಗ ಅವನು ಬೇಜಾರಲ್ಲಿದ್ದ. ಹೆಂಡತಿ ಬದುಕಿದ್ದಾಳೋ ಸತ್ತಿದ್ದಾಳೋ ಗೊತ್ತಿಲ್ಲ ಅಂದ. ಕರುಳು ಚುರುಕ್ ಅಂತು. ಚೆನ್ನಾಗಿದ್ದಾಳೆ ಬಿಡೋ, ಮುದುಕರ ಆಶ್ರಮದಲ್ಲಿ ಬಟ್ಟೆ ಒಗೀತಾಳೆ ಅಂದೆ. ಊರಿನ ಹೆಸರು ಹೇಳಿದೆ. ಅಷ್ಟೇ! ಬೀದಿ ಹೆಸರು, ಮನೆ ನಂಬರು ಒಂದೂ ಹೇಳಲಿಲ್ಲ, ಆ ತಾಯಾಣೆ. ಗಂಡನಾದವನಿಗೆ ಹೆಂಡತಿ ಎಲ್ಲಿದ್ದಾಳೆ ಅಂತ ತಿಳ್ಕೊಳ್ಳೋ ಹಕ್ಕಿಲ್ವಾ?"

"ಅವನು ಹೆಂಡತಿಯ ದವಡೆ ಮುರಿದದ್ದೂ ಓದಿದ್ಯಲ್ಲ? ಎರಡು ಪುಟ ಇತ್ತು. ಅದನ್ನ ಓದಿದ ಮೇಲೂ ನಿನ್ನ ಕರುಳು ಅವನಿಗಾಗಿ ಚುರುಕ್ ಅಂತಾ?"

ಸೆರಾಫಿಮ್ ಟೀವಿಯ ಕಡೆ ನೋಡಿದ. "ಗಂಡ ಹೆಂಡಿರ ಜಗಳ. ಹೆಂಗಸರು ಬರೆಯೋವಾಗ ಒಂದಕ್ಕೆ ಎರಡು ಸೇರಿಸಿ ಬರೀತಾರೆ."

"ಆ ಕಾಗದದ ಜೊತೆಗಿದ್ದ ಎಕ್ಸ್-ರೇ ಚಿತ್ರವನ್ನೂ ಸೇರಿಸಿ ಬರೆದ್ಲೇನೋ?" ಎಂದಳು ಒಡೀಲಿಯಾ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಅಷ್ಟು ಹೊತ್ತು ಅವಳು ಅಲ್ಲಿ ನಿಂತಿದ್ದು ಯಾರಿಗೂ ತಿಳಿದಿರಲಿಲ್ಲ. ಅವಳ ಕೈಯಲ್ಲಿ ಕಂಪ್ಯೂಟರು ಇತ್ತು. ಅದನ್ನು ಲಿಜಿಯಾಳ ಕೈಗೆ ಕೊಟ್ಟಳು. "ಮಗಳ ಪಾಠ ಮಾತ್ರ ತೆಗೆದುಕೊಡಮ್ಮಾ. ಮಿಕ್ಕಿದ್ದನ್ನ ಸುಟ್ಟುಹಾಕು."

"ಲೀನೊ ನಿನ್ನೆ ಎಲ್ಲಿದ್ದ?" ಎಂದು ಅಡೆಲಿನೊ ಮೊದಲ ಸಲ ಬಾಯಿ ಬಿಟ್ಟ. "ನಮ್ಮ ಕಾರ್ಖಾನೇಲಿ ಅವನ ಮಗ್ಗ ನಿಂತಿತ್ತು."

"ನನಗೇನು ಗೊತ್ತು?" ಎಂದ ಸೆರಾಫಿಮ್. ಆದರೆ ಅವನ ಚಾಚಿದ ಕಾಲು ಒಳಗೆ ಬಂತು.

ಆರು ಗಂಟೆ ಐದು ನಿಮಿಷಕ್ಕೆ ಇವೋನಿ ಫೋನು ಎತ್ತಿದಳು. ಜುಲ್ಮಿರಾ ಸುತ್ತು ಬಳಸಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ನಿನ್ನೆ ಬಸ್ಸು ನಿಲ್ಲೋ ಹತ್ತಿರ ಅವನ ಟ್ರಕ್ಕಿನ ಹಾಗಿರೋದು ಒಂದು ನಿಂತಿತ್ತು ಅಕ್ಕ," ಎಂದಳು ಇವೋನಿ. "ನನಗೆ ಎಲ್ಲಾ ಟ್ರಕ್ಕೂ ಅವನದೇ ಥರ ಕಾಣುತ್ತೆ ಅಂತ ನಾನೇ ಬೈಕೊಂಡೆ."

"ಮನೆಗೆ ಹೋಗಬೇಡ ಇವೋನಿ. ನೇರ ಪೊಲೀಸರ ಹತ್ತಿರ ಹೋಗು. ಅವನು ನಿನ್ನ ಹತ್ತಿರ ಬರಬಾರದು ಅನ್ನೋ ಕೋರ್ಟಿನ ಆದೇಶ ಕೈಚೀಲದಲ್ಲೇ ಇದೆಯಲ್ಲ?"

"ಇದೆ."

"ನಾನು ಈಗಲೇ ಹೊರಟು ಬರ್ತೀನಿ."

"ಬೇಡ. ಇಲ್ಲಿ ಬಟ್ಟೆ ಒಗೆಯೋ ಕೋಣೆಯ ಮೇಲ್ವಿಚಾರಕಿ ಕರ್ಕೊಂಡು ಹೋಗ್ತಾರೆ." ಫೋನು ಕಡಿಯಿತು.

ಅವತ್ತು ಲೀನೊ ಆಶ್ರಮದ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದ್ದ, ಪೊಲೀಸರು ಬರುವಷ್ಟರಲ್ಲಿ ಜಾಗ ಖಾಲಿ ಮಾಡಿದ್ದ. ಇದು ಮಾರನೆಯ ದಿನ ತಿಳಿಯಿತು. ಇವೋನಿ ಹಿಂದಿನ ಬಾಗಿಲಿನಿಂದ ಹೊರಬಿದ್ದಿದ್ದಳು. ಎರಡರ ನಡುವೆ ಇದ್ದದ್ದು ಹತ್ತೇ ನಿಮಿಷ.

ಆ ಬುಧವಾರ ಜುಲ್ಮಿರಾ ಮೇಜಿನ ಮೇಲೆ ಹೊಸ ಕಂಪ್ಯೂಟರು ತೆರೆಯಲಿಲ್ಲ. ಫೋನು ಹಿಡಿದು ಕೂತಳು. ಆ ಫೋಲ್ಡರಿನಲ್ಲಿ ಮೂವತ್ತನಾಲ್ಕು ಹೆಸರಿದ್ದವು. ಮೂವತ್ತನಾಲ್ಕು ಜನರಿಗೂ ಫೋನು ಮಾಡಿ, ನಿನ್ನ ಕಾಗದ ಎರಡು ವಾರ ಬೇರೆಯವರ ಮನೆಯಲ್ಲಿತ್ತು, ತಪ್ಪು ನಮ್ಮ ಮನೆಯದು ಎಂದು ಹೇಳಿದಳು. ಕೆಲವರು ಅತ್ತರು. ಒಬ್ಬಳು ಬಾಯಿಗೆ ಬಂದಂತೆ ಬೈದಳು. ಒಬ್ಬಳು, "ನಂದನ್ನ ಅಳಿಸಿಬಿಡು, ಹೊಸದರಿಂದಲೂ ಅಳಿಸು. ಇನ್ನು ನಾನು ಬರಲ್ಲ," ಎಂದಳು. ಒಬ್ಬೊಬ್ಬರ ಮಾತು ಮುಗಿದಾಗಲೂ ಅಡೆಲಿನೊ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದ, ಹೆಂಡತಿಯ ಮುಖ ನೋಡಿ ಹಿಂದಿರುಗುತ್ತಿದ್ದ.

"ಏನಾದ್ರೂ ತಿನ್ನೋಕೆ ಮಾಡ್ಲಾ?" ಎಂದು ಒಮ್ಮೆ ಕೇಳಿದ.

"ಚಿಲಕ ತಗೊಂಡು ಬಾ," ಎಂದಳು.

ಗುರುವಾರ ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಅವನೇ ಚಿಲಕ ಬಡಿದ. ಶುಕ್ರವಾರ ಬೆಳಗ್ಗೆ ದಿಯೊಲಿಂಡಾ ಮೆಟ್ಟಿಲು ಹತ್ತಿ ಬಂದು ಬಾಗಿಲು ತಳ್ಳಿದಳು, ತೆರೆಯಲಿಲ್ಲ. ಇನ್ನೊಮ್ಮೆ ತಳ್ಳಿದಳು.

"ನನ್ನ ಮನೆಯ ಬಾಗಿಲು ನನಗೇ ಹಾಕ್ತೀರೇನೋ? ಅಡೆಲಿನೊ!"

ಅಡೆಲಿನೊ ಎದ್ದು ನಿಂತ. ಜುಲ್ಮಿರಾ ಕಾಫಿ ಕುಡಿಯುತ್ತಲೇ ಇದ್ದಳು. "ತಟ್ಟಲಿ," ಎಂದಳು. "ತಟ್ಟಿದ್ರೆ ತೆಗೀತೀನಿ."

ಮುದುಕಿ ತಟ್ಟಲಿಲ್ಲ. ಮೆಟ್ಟಿಲಿನ ಮೇಲೆ ಅವಳ ಚಪ್ಪಲಿಯ ಸದ್ದು ಕೆಳಗಿಳಿಯುವುದು ಕೇಳಿಸಿತು. ಜುಲ್ಮಿರಾಳಿಗೆ ಆ ಗಳಿಗೆಯಲ್ಲಿ ಒಂದಿಷ್ಟೂ ಪಾಪ ಅನ್ನಿಸಲಿಲ್ಲ.

ಶನಿವಾರ ಇವೋನಿ ತನ್ನ ಸಾಮಾನು ತೆಗೆಯಲು ಹಳೆಯ ಕೋಣೆಗೆ ಬರುವವಳಿದ್ದಳು. ಅಲ್ಲಿನ ಪೊಲೀಸಿನವನೊಬ್ಬ ಒಂದು ಗಂಟೆ ಕಾವಲು ನಿಲ್ಲುತ್ತೇನೆಂದು ಒಪ್ಪಿದ್ದ. ಎತ್ತಿ ಇಳಿಸಲು ಜನ ಬೇಕಿತ್ತು.

"ನೀನು ಬರ್ತೀಯ," ಎಂದಳು ಜುಲ್ಮಿರಾ ಗಂಡನಿಗೆ. "ಮಂಚ ಎತ್ತೋಕೆ. ಮತ್ತೆ ಅವಳಿಗೆ ನಿನ್ನ ಬಾಯಿಂದಲೇ ಹೇಳೋಕೆ."

"ಏನಂತ ಹೇಳಲಿ?"

"ಮಾಡಿದ್ದನ್ನ ಹೇಳು."

ಒಂದೂವರೆ ಗಂಟೆಯ ದಾರಿ. ಇಟ್ಟಿಗೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಕೋಣೆ, ಅದರಲ್ಲಿ ಆರು ಪೆಟ್ಟಿಗೆ, ಒಂದು ಮಂಚ, ಒಂದು ಹೊಲಿಗೆ ಯಂತ್ರ. ಇವೋನಿ ಕಿಟಕಿಯ ಪರದೆ ಬಿಚ್ಚಿ ಮಡಚುತ್ತಿದ್ದಳು. ಹೂವಿನ ಪರದೆ, ಅವಳೇ ಹೊಲಿದದ್ದು. ಹದಿನಾಲ್ಕು ತಿಂಗಳಲ್ಲಿ ಅವಳ ಮುಖ ತುಂಬಿಕೊಂಡಿತ್ತು. ದವಡೆ ಸ್ವಲ್ಪ ಒಂದು ಕಡೆಗೆ ವಾಲಿತ್ತು.

ಅಡೆಲಿನೊ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇವೋನಿ, ಅದು ನನಗೆ ಗೊತ್ತಿರಲಿಲ್ಲ..."

"ಗೊತ್ತಿರಲಿಲ್ಲ ಅನ್ನೋದನ್ನ ಬಿಡು," ಎಂದಳು ಜುಲ್ಮಿರಾ.

"ಡಿಸ್ಕಿನಿಂದ ಆ ಕಾಗದಗಳನ್ನ ಸೆರಾಫಿಮ್‌ನ ಕಂಪ್ಯೂಟರಿಗೆ ಹಾಕಿದ್ದು ನಾನು. ನನ್ನ ಹೆಂಡತಿ ಅಳಿಸಿದ್ದನ್ನ ನಾನು ಹಾಕಿದೆ. ಕೇಳಲಿಲ್ಲ, ನೋಡಲೂ ಇಲ್ಲ."

ಇವೋನಿ ಪರದೆಯನ್ನು ಪೆಟ್ಟಿಗೆಗೆ ಹಾಕಿದಳು. "ಮಂಚ ಭಾರ ಇದೆ. ನೀವು ಆ ಕಡೆ ಹಿಡ್ಕೊಳ್ಳಿ," ಎಂದಳು. ಅವನಿಗೆ ಅವಳು ಹೇಳಿದ್ದು ಅಷ್ಟೇ.

ಬಾಡಿಗೆಯ ವ್ಯಾನಿಗೆ ಸಾಮಾನು ತುಂಬಿದರು. ಅದನ್ನು ಓಡಿಸಲು ಬಂದಿದ್ದ ಹೆಂಗಸು ತನ್ನ ಹೆಸರು ಹೇಳಲಿಲ್ಲ, ಇವರೂ ಕೇಳಲಿಲ್ಲ. ಜುಲ್ಮಿರಾ ಮನೆಯಿಂದ ತಂದಿದ್ದ ರೊಟ್ಟಿ, ಬೆಣ್ಣೆ, ಒಂದು ಜಾಡಿ ಮೆಣಸಿನ ಗೊಜ್ಜು ಮುಂದಿನ ಸೀಟಿನ ಕೆಳಗಿಟ್ಟಳು. ಇಟ್ಟು ತಲೆ ಎತ್ತಿ, ಎಂದಿನ ಅಭ್ಯಾಸದಂತೆ ಕೇಳಿದಳು:

"ಹೊಸ ಕೋಣೆ ಹೇಗಿದೆಯಂತೆ? ಯಾವ ಊರಲ್ಲಿ?"

ಇವೋನಿ ಅವಳನ್ನು ನೋಡಿದಳು.

"ನಿಮಗೆ ಹೇ‍ಳಲ್ಲ ಅಕ್ಕ."

ಜುಲ್ಮಿರಾಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಲ್ಲಿಯವರೆಗೆ ಅವಳ ಸಿಟ್ಟೆಲ್ಲ ಗಂಡನ ಮೇಲಿತ್ತು, ಅತ್ತೆಯ ಮೇಲಿತ್ತು, ಸೆರಾಫಿಮ್‌ನ ಮೇಲಿತ್ತು. ಈಗ ನಿಲ್ಲಲು ಜಾಗ ಸಿಗದೆ ಅವಳ ಮೇಲೆಯೇ ಬಂದು ಬಿತ್ತು.

"ಕೋಪ ಇಲ್ಲ ಅಂತ ಸುಳ್ಳು ಹೇಳಲಾರೆ," ಎಂದಳು ಇವೋನಿ. "ಇದೆ. ನೀವು ಎಷ್ಟು ಮಾಡಿದ್ರಿ ಅಂತಾನೂ ನನಗೆ ಗೊತ್ತಿದೆ. ಆದ್ರೆ ಹೇಳಲ್ಲ. ಫೋನ್ ನಂಬರೂ ಬದಲಾಗುತ್ತೆ."

"ಸರಿ," ಎಂದಳು ಜುಲ್ಮಿರಾ. "ಸರಿಯಾಗಿ ಮಾಡ್ತಿದ್ದೀಯ. ಹೇಳಬೇಡ."

ಇವೋನಿ ಅವಳ ಕೈಯನ್ನು ಒಮ್ಮೆ ಒತ್ತಿ ಹಿಡಿದು ಬಿಟ್ಟಳು. ವ್ಯಾನು ಹತ್ತಿದಳು. ಪೊಲೀಸಿನವನು ಕೈ ಬೀಸಿದ. ವ್ಯಾನು ಬೀದಿಯ ಕೊನೆಯ ಕಡೆಗೆ ನಿಧಾನವಾಗಿ ಹೊರಟಿತು. ಮಂಚಕ್ಕೆ ಕಟ್ಟಿದ ಹಗ್ಗ ಸಡಿಲವಾಗಿದೆಯೇನೋ ಎಂದು ಅಡೆಲಿನೊ ರಸ್ತೆಯ ನಡುವೆ ನಿಂತು ಕತ್ತು ಚಾಚಿ ನೋಡುತ್ತಿದ್ದ.

"ತಿರುಗು," ಎಂದಳು ಜುಲ್ಮಿರಾ.

"ಏನು?"

"ಈ ಕಡೆ ತಿರುಗು ಅಂದೆ! ಅವಳು ಎಡಕ್ಕೆ ಹೋಗ್ತಾಳೋ ಬಲಕ್ಕೆ ಹೋಗ್ತಾಳೋ, ನೀನು ನೋಡಬೇಡ. ನಾನೂ ನೋಡಲ್ಲ."

ಅವನ ತೋಳು ಹಿಡಿದು ಎಳೆದು ಕಟ್ಟಡದ ಕಡೆಗೆ ತಿರುಗಿಸಿದಳು. ತಾನೂ ತಿರುಗಿದಳು. ವ್ಯಾನಿನ ಸದ್ದು ಪೂರ್ತಿ ಅಡಗುವ ತನಕ ಗಂಡ ಹೆಂಡತಿ ಇಬ್ಬರೂ ಇಟ್ಟಿಗೆ ಗೋಡೆಗೆ ಮುಖ ಮಾಡಿ ನಿಂತಿದ್ದರು.